ಸುಟ್ಟ ಗುಡ್ಡೆಯ ಪಾಚಿ ಲೆಕ್ಕ: ಒಂಬತ್ತನೇ ತಿಂಗಳು

ಪಾಣತ್ತೂರಿನ ಮಾವನ ಗುಡ್ಡೆಗೆ ಬೆಂಕಿ ಬಿದ್ದು ಒಂಬತ್ತು ತಿಂಗಳಾಯಿತು. ಫೆಬ್ರವರಿ ಕೊನೆ, ಮುಳಿಹುಲ್ಲು ಒಣಗಿ ನಿಂತಿತ್ತು. ಒಂದೇ ಮಧ್ಯಾಹ್ನದಲ್ಲಿ ಕಾಡಿನ ಅಂಚಿನವರೆಗೂ ಉರಿದುಹೋಯಿತು. ಪಾಚಿ ಎಷ್ಟು ವಾಪಸು ಬರುತ್ತದೆ ಅಂತ ನೋಡಲು ಅಡಿಕೆ ಸಲಾಕೆಯಿಂದ 30 ಸೆಂಟಿಮೀಟರಿನ ಹನ್ನೆರಡು ಚೌಕ ಮಾಡಿ ನೆಲಕ್ಕೆ ಹೊಡೆದಿದ್ದೇನೆ. ಆರು ಸುಟ್ಟ ಕಡೆ, ಆರು ತೋಡಿನ ಆಚೆ, ಬೆಂಕಿ ದಾಟದ ಕಡೆ.

ಈ ನವೆಂಬರಿನಲ್ಲಿ ಹೋದರೆ ಸುಟ್ಟ ಕಡೆಯೇ ಕಣ್ಣಿಗೆ ಜಾಸ್ತಿ ಹಸಿರು! "ನೋಡು, ಎಲ್ಲ ಮೊದಲಿನ ಹಾಗೇ ಆಯ್ತಲ್ವಾ?" ಅಂದರು ಮಾವ. ಕುಕ್ಕರಗಾಲಲ್ಲಿ ಕೂತು ಲೆನ್ಸ್ ಹಿಡಿದೆ. ಹಾಗಾಗಿರಲಿಲ್ಲ. ನಾಲ್ಕು ಚೌಕಗಳಲ್ಲಿ ಹೆಚ್ಚುಕಡಿಮೆ ಪೂರ್ತಿ ಒಂದೇ ಪಾಚಿ, ಫ್ಯುನೇರಿಯಾ. ಸುಟ್ಟ ನೆಲ ಕಂಡರೆ ಮೊದಲು ಬರುವುದು ಇದೇ. ಬೂದಿಯಿಂದ ಮಣ್ಣಿನ ಹುಳಿ ಇಳಿದಿರುತ್ತದೆ, ಪೊಟ್ಯಾಶಿಯಂ, ಕ್ಯಾಲ್ಸಿಯಂ ಸಿಗುತ್ತದೆ, ಜಾಗಕ್ಕೆ ಬೇರೆ ಯಾರೂ ಇಲ್ಲ. ಕೆಲವು ವರ್ಷ ಇದ್ದು ಬೇರೆಯವಕ್ಕೆ ಜಾಗ ಬಿಡುತ್ತದೆ. ಅದರ ಕೂದಲಿನಂಥ ತೊಟ್ಟು ಒಣಗಿದರೆ ಹುರಿಯಾಗುತ್ತದೆ, ತೇವ ತಾಗಿದರೆ ಬಿಚ್ಚಿಕೊಳ್ಳುತ್ತದೆ. ಮಾವನ ಮೊಮ್ಮಗಳು ಉಸಿರು ಬಿಟ್ಟು ಬಿಟ್ಟು ಅದನ್ನು ತಿರುಗಿಸುತ್ತಾ ಅರ್ಧ ಗಂಟೆ ಕೂತಿದ್ದಳು.

ಬೆಂಕಿಗೆ ಮೊದಲಿದ್ದ ಪಾಚಿಗಳಲ್ಲಿ ವಾಪಸು ಬಂದದ್ದು ಪೊಗೊನೇಟಮ್ ಮಾತ್ರ, ಅದೂ ಒಂದೇ ಚೌಕದಲ್ಲಿ. ಅದರ ಬುಡ ಮಣ್ಣಿನೊಳಗೆ ಇಳಿದಿರುತ್ತದೆ. ಹಾಗಾಗಿ ಮೇಲೆ ಸುಟ್ಟರೂ ಚಿಗುರಿದೆ.

ಉಳಿದ ಎರಡು ಚೌಕಗಳಲ್ಲಿ ಬರೀ ಜಲ್ಲಿ. ಜೂನ್ ಮಳೆಗೆ ಬೂದಿಯ ಜೊತೆ ಮಣ್ಣೂ ಹೋಯಿತು. ತೋಡಿನ ಆಚೆ ಎರಡು ಬೆರಳು ದಪ್ಪದ ಪಾಚಿಹಾಸು ಅದೇ ಮಳೆಯನ್ನು ಕುಡಿದು ಕೂತಿತ್ತು, ಮಣ್ಣು ಅಲುಗಿಲ್ಲ.

ನನಗೆ ಸಂಕಟ ಆದದ್ದು ಕ್ಲಾಡೋನಿಯಾದ ಗತಿ ನೋಡಿ. ನೆಲದ ಮೇಲೆ ಪುಟ್ಟ ಬೂದುಹಸಿರು ಬಟ್ಟಲು ಎತ್ತಿ ನಿಲ್ಲುವ ಕಲ್ಲುಹೂವು ಅದು. ಮಸಾಲೆಗೆ ಹಾಕುತ್ತೇವಲ್ಲ, ಅದರ ದೂರದ ನೆಂಟ. ಶಿಲೀಂಧ್ರ, ಶೈವಲ ಎರಡೂ ಸೇರಿ ಬದುಕುವ ಜೀವ. ಬೇಸಗೆಯಲ್ಲಿ ಹಪ್ಪಳದ ಹಾಗೆ ಒಣಗಿರುತ್ತದೆ, ಕಿಡಿ ಸಾಕು. ಮಣ್ಣೊಳಗೆ ಉಳಿಯುವ ಬೇರಿಲ್ಲ. ಬೆಳೆಯುವುದು ವರ್ಷಕ್ಕೆ ಕೆಲವೇ ಮಿಲಿಮೀಟರ್. ಸುಟ್ಟ ಆರೂ ಚೌಕಗಳಲ್ಲಿ ಸೊನ್ನೆ. ಮೊದಲಿನಷ್ಟಾಗಲು ದಶಕಗಳೇ ಬೇಕಾಗಬಹುದು, ಅದೂ ನಡುವೆ ಇನ್ನೊಂದು ಬೆಂಕಿ ಬೀಳದಿದ್ದರೆ.

ಮತ್ತೆ ಬರುವುದಿದ್ದರೆ ಆಚೆ ದಡದ ಬಂಡೆಯಿಂದಲೇ, ಗಾಳಿಗೆ ಚೂರು ಹಾರಿ ಬರಬೇಕು. ನಡುವೆ ನಲವತ್ತು ಹೆಜ್ಜೆ. ಜನವರಿಯಲ್ಲೇ ತೋಡಿನ ಉದ್ದಕ್ಕೂ ಮುಳಿ ಕೊಯ್ದು ಎಂಟಡಿ ಅಗಲ ಬೆಂಕಿಗೆರೆ ಮಾಡಿಸುತ್ತೇನೆ ಅಂದಿದ್ದಾರೆ ಮಾವ. ಕತ್ತಿ ಹಿಡಿದು ನಾನೂ ಹೋಗುತ್ತೇನೆ.