ಕಾಯುವ ಕೈಯೇ ಸುಡುವಾಗ

ಪರಾವಲಂಬಿ ಸೋಂಕುಗಳ ಬಗ್ಗೆ ಓದುತ್ತಿದ್ದಾಗ ಎದುರಾದ ಒಂದು ಪ್ರಯೋಗ ಎರಡು ದಿನಗಳಿಂದ ನನ್ನ ಮನಸ್ಸನ್ನು ಬಿಟ್ಟು ಹೋಗಿಲ್ಲ. ಉರಿಯೂತವನ್ನು ತಗ್ಗಿಸುವ ಇಂಟರ್‌ಲ್ಯೂಕಿನ್-10 ಎಂಬ ಪ್ರೋಟೀನನ್ನು ತಯಾರಿಸಲಾಗದ ಇಲಿಗಳಿಗೆ ಟಾಕ್ಸೊಪ್ಲಾಸ್ಮಾ ಎಂಬ ಏಕಕೋಶಜೀವಿಯ ಸೋಂಕು ತಗುಲಿಸಿದಾಗ, ಅವು ಆ ಜೀವಿಯನ್ನು ಹತೋಟಿಯಲ್ಲಿಟ್ಟುಕೊಂಡೂ ಸತ್ತುಹೋದವು. ಅವುಗಳನ್ನು ಕೊಂದದ್ದು ಪರಾವಲಂಬಿಯಲ್ಲ, ತಡೆಯಿಲ್ಲದೆ ಉಕ್ಕಿದ ಅವುಗಳದೇ ರಕ್ಷಣಾ ಪ್ರತಿಕ್ರಿಯೆ. ಹಾಗೆಂದು ಆ ಪ್ರತಿಕ್ರಿಯೆ ಬೇಡವೆನ್ನುವಂತೆಯೂ ಇಲ್ಲ, ಏಕೆಂದರೆ ಆ ಪ್ರತಿಕ್ರಿಯೆಯನ್ನು ಹುರಿದುಂಬಿಸುವ ಇಂಟರ್‌ಫೆರಾನ್-ಗಾಮಾ ಎಂಬ ಪ್ರೋಟೀನ್ ಇಲ್ಲದ ಇಲಿಗಳು ಇದೇ ಸೋಂಕಿಗೆ ಬೇಗನೆ ಬಲಿಯಾಗುತ್ತವೆ. ನನ್ನನ್ನು ಹೆಚ್ಚು ಬೆರಗುಗೊಳಿಸಿದ ಸಂಗತಿಯೆಂದರೆ, ಈ ಸೋಂಕಿನಲ್ಲಿ ಇಂಟರ್‌ಫೆರಾನನ್ನು ಸ್ರವಿಸಿ ದಾಳಿಗೆ ಕರೆಕೊಡುವ ಟಿ ಕೋಶಗಳೆಂಬ ರಕ್ಷಣಾ ಕೋಶಗಳೇ ಇಂಟರ್‌ಲ್ಯೂಕಿನ್-10 ಅನ್ನೂ ಸ್ರವಿಸಿ ಆ ದಾಳಿಗೆ ಮಿತಿ ಹಾಕುತ್ತವೆ.

ಹುಳುಗಳ ವಿಷಯದಲ್ಲಿ ಲೆಕ್ಕ ಇನ್ನೂ ಜಟಿಲ. ಶಿಸ್ಟೊಸೋಮಾ ಹುಳುವಿನ ಮೊಟ್ಟೆಗಳು ಯಕೃತ್ತಿನಲ್ಲಿ ಸಿಕ್ಕಿಕೊಂಡಾಗ ಮ್ಯಾಕ್ರೋಫೇಜ್, ಇಯೋಸಿನೋಫಿಲ್ ಮುಂತಾದ ರಕ್ಷಣಾ ಕೋಶಗಳು ಪ್ರತಿಯೊಂದು ಮೊಟ್ಟೆಯ ಸುತ್ತಲೂ ಗೋಡೆ ಕಟ್ಟಿ, ಅದರ ವಿಷ ಹರಡದಂತೆ ತಡೆಯುತ್ತವೆ. ಆದರೆ ವರ್ಷಗಟ್ಟಲೆ ಕಟ್ಟುತ್ತಲೇ ಹೋದ ಆ ಗೋಡೆಗಳು ನಾರುಗಟ್ಟಿ, ಯಕೃತ್ತಿನ ರಕ್ತಸಂಚಾರಕ್ಕೇ ಅಡ್ಡಿಯಾಗುತ್ತವೆ. ರೋಗನಿರೋಧಕ ಶಕ್ತಿಯನ್ನು ‘ಹೆಚ್ಚಿಸುವ’ ಮಾತುಗಳನ್ನು ಕೇಳಿದಾಗಲೆಲ್ಲ ಈಗ ನನಗೆ ಯಕೃತ್ತಿನೊಳಗಿನ ಆ ಗೋಡೆಗಳೇ ನೆನಪಾಗುತ್ತವೆ.