ಮೃತರ ಹೆಸರು

19 ನವೆಂಬರ್ 2024, ಮಂಗಳವಾರ

ಇವತ್ತು ಅವರ ಹೆಂಡತಿ ಆಫೀಸಿಗೆ ಬಂದಿದ್ದರು. ಹನ್ನೊಂದು ವರ್ಷ ನನ್ನ ಪಕ್ಕದ ಟೇಬಲ್ಲಿನಲ್ಲಿ ಕೂತು ಕೆಲಸ ಮಾಡಿದವರ ಹೆಂಡತಿ. ಸರ್ಕಾರಿ ನೌಕರರು ತೀರಿಕೊಂಡರೆ ಮನೆಯವರಿಗೆ ಕೊಡೋ ಅನುಕಂಪದ ನೌಕರಿ ಬಗ್ಗೆ ವಿಚಾರಿಸೋಕೆ.

ಆ ಕಡತ ನೋಡೋ ಗುಮಾಸ್ತರು, ನಮ್ಮ ವಿಷಯ ನಿರ್ವಾಹಕರು, ತಲೆ ಎತ್ತಲಿಲ್ಲ. "ಮೃತರ ಹೆಸರು?" ಅಂದರು.

ಏಪ್ರಿಲ್ ತನಕ ಇಬ್ಬರೂ ದಿನಾ ನಾಲ್ಕು ಗಂಟೆಗೆ ಒಟ್ಟಿಗೆ ಟೀಗೆ ಹೋಗುತ್ತಿದ್ದರು. ಆ ಮನೆ ಮಗಳ ಮದುವೆಯಲ್ಲಿ ನಿಂತು ಊಟ ಬಡಿಸಿದವರು ಇವರು. ಹೆಸರು ಗೊತ್ತಿಲ್ವಾ? ಆಯಮ್ಮ ಗಂಡನ ಹೆಸರು ಬಾಯಿಬಿಟ್ಟು ಹೇಳಿ ಅಭ್ಯಾಸ ಇಲ್ಲದವರು. ಒಂದು ಗಳಿಗೆ ತಡವರಿಸಿದರು. ಆಮೇಲೆ ಕರ್ಚೀಫಿನಲ್ಲಿ ಸುತ್ತಿಟ್ಟಿದ್ದ ಅವರ ಐಡಿ ಕಾರ್ಡ್ ಬಿಚ್ಚಿ ಟೇಬಲ್ ಮೇಲಿಟ್ಟರು.

"ಇದನ್ನ ಸರೆಂಡರ್ ಮಾಡಬೇಕಿತ್ತು" ಅಂತ ಎತ್ತಿಟ್ಟುಕೊಂಡರು. ಮರಣ ಪ್ರಮಾಣಪತ್ರದ ಜೆರಾಕ್ಸಿಗೆ ಪಂಚ್ ಹೊಡೆದು ದಾರ ಪೋಣಿಸಿದರು. "ಮಗ ಇದ್ದಾನಾ? ಇಲ್ವಾ? ಸರಿ, ಮುಂದಿನ ವಾರ ಬನ್ನಿ." ಅಷ್ಟೇ.

ಇವರು ಕೆಟ್ಟವರಲ್ಲ. ಚಟ್ಟಕ್ಕೆ ಹೆಗಲು ಕೊಟ್ಟವರಲ್ಲಿ ಇವರೂ ಒಬ್ಬರು. ತೀರಿಕೊಂಡವರು ನೋಡುತ್ತಿದ್ದ ಕಡತಗಳೂ ಈಗ ಇವರ ತಲೆ ಮೇಲೇ ಇವೆ. ಆದರೂ ನನಗೆ ಅನಿಸೋದು, ಹೆಸರು ಹಿಡಿದು ಮಾತಾಡಿದ್ದರೆ ಅಲ್ಲೇ ಕಣ್ಣು ತುಂಬಿ ಬರುತ್ತಿತ್ತು. 'ಮೃತರು', 'ಸದರಿ ನೌಕರರು' ಅಂದುಬಿಟ್ಟರೆ ಕೈ ನಡುಗದೆ ಕೆಲಸ ಸಾಗುತ್ತದೆ. ನಾವೆಲ್ಲ ಕಲಿತಿರೋದು ಇದನ್ನೇ. ನಾನೂ ಅಷ್ಟು ಹೊತ್ತು ಟಪಾಲು ನೋಡುತ್ತಾ ಕೂತಿದ್ದೆ. ಎದ್ದು ಒಂದು ಕುರ್ಚಿ ಹಾಕಲಿಲ್ಲ. ಅದು ಈಗಲೂ ಚುಚ್ಚುತ್ತಿದೆ.

ಮೆಟ್ಟಿಲ ಹತ್ತಿರ ಓಡಿ ಹೋಗಿ ಹಿಡಿದೆ. 1996ರ ನಿಯಮದ ಪ್ರಕಾರ ತೀರಿಕೊಂಡ ಒಂದು ವರ್ಷದೊಳಗೆ ಅರ್ಜಿ ಕೊಡಬೇಕು, ತಡ ಮಾಡಬೇಡಿ ಅಂದೆ. 2021ರಲ್ಲಿ ತಿದ್ದುಪಡಿ ಆಗಿದೆ, ಮದುವೆಯಾದ ಮಗಳಿಗೂ ಅವಕಾಶ ಇದೆ ಅಂದೆ. ಅವರಿಗೆ ಎರಡೂ ಗೊತ್ತಿರಲಿಲ್ಲ. ಏಳು ತಿಂಗಳಲ್ಲಿ ನಮ್ಮಲ್ಲಿ ಒಬ್ಬರೂ ಹೇಳಿರಲಿಲ್ಲ! ಒಂದು ಫೋನ್ ಮಾಡಿದ್ದರೆ ಸಾಕಿತ್ತು, ಅಲ್ವಾ?

"ಅವರ ಊಟದ ಡಬ್ಬಿ ಇಲ್ಲೇ ಉಳಿದಿತ್ತಾ?" ಅಂತ ಮೆಲ್ಲಗೆ ಕೇಳಿದರು.

ನನ್ನ ಡ್ರಾಯರಿನಲ್ಲೇ ಇತ್ತು. ತಂದುಕೊಟ್ಟೆ. ಸ್ಟೀಲ್ ಮುಚ್ಚಳದ ಮೇಲೆ ಅಂಗಡಿಯವನು ಕೊರೆದುಕೊಟ್ಟ ಹೆಸರು. ಆಯಮ್ಮ ಅದರ ಮೇಲೆ ಹೆಬ್ಬೆರಳು ಆಡಿಸಿದರು, ಸೆರಗಿನಿಂದ ಧೂಳು ಒರೆಸಿದರು, ಬ್ಯಾಗಿಗೆ ಹಾಕಿಕೊಂಡು ಮೆಟ್ಟಿಲಿಳಿದರು.