ಬ್ರೈಟನ್‌ನಲ್ಲಿ ಗುಂಡನಿಗೊಂದು ರೂಮ್

ರಜೆಗೆ ಎಲ್ಲಾದರೂ ಹೋಗೋಣ ಅಂದ ಕೂಡಲೇ ನಮ್ಮ ಮನೆಯಲ್ಲಿ ಏಳುವ ಮೊದಲ ಪ್ರಶ್ನೆ ಒಂದೇ. ಗುಂಡನನ್ನು ಏನು ಮಾಡುವುದು?

ಗುಂಡ ನಮ್ಮ ಲ್ಯಾಬ್ರಡಾರ್. ಹತ್ತು ವರ್ಷ, 32 ಕೆಜಿ. ಹಿಂಗಾಲುಗಳಲ್ಲಿ ಈಗೀಗ ಕಸುವಿಲ್ಲ. ನಾವಿರುವುದು ಲಂಡನ್ನಿನ ದಕ್ಷಿಣ ಭಾಗದ ಕ್ರಾಯ್ಡನ್‌ನಲ್ಲಿ. ಪ್ರವಾಸ ಹೋಗುವವರು ನಾಯಿಯನ್ನು ಬಿಟ್ಟು ಹೋಗಲು ಇಲ್ಲಿ ಕೆನಲ್‌ಗಳಿವೆ. ಒಮ್ಮೆ ಬಿಟ್ಟು ನೋಡಿದೆವು. ಮೂರು ದಿನ ಬಟ್ಟಲಿಗೆ ಬಾಯಿ ಹಾಕಲಿಲ್ಲ. ಆಮೇಲೆ ಅವನನ್ನು ಬಿಟ್ಟು ಎಲ್ಲಿಗೂ ಹೋಗಿಲ್ಲ.

ಕಳೆದ ವರ್ಷ ಅಮ್ಮ ಬಂದಿದ್ದರು. ಇಲ್ಲಿನ ವಿಸಿಟರ್ ವೀಸಾದಲ್ಲಿ ಆರು ತಿಂಗಳು ಇರಬಹುದು. ಮೇ ತಿಂಗಳ ಶುರುವಿಗೆ ಬಂದವರು ಅಕ್ಟೋಬರ್ ಕೊನೆಗೆ ಹೊರಟರು. ಅಷ್ಟರಲ್ಲಿ ಎರಡು ಸಲ, ಇಂಗ್ಲೆಂಡಿನ ದಕ್ಷಿಣ ಕಡಲ ತೀರದ ಊರು ಬ್ರೈಟನ್‌ಗೆ ಹೋಗಿ ಬಂದೆವು. ಮೊದಲ ಸಲ ಹೋಟೆಲ್ ಆರಿಸುವುದರಲ್ಲೇ ಎಡವಿದೆವು. ಎರಡನೇ ಸಲ ಸರಿಹೋಯಿತು. ನಾಯಿ, ಮಕ್ಕಳು, ವಯಸ್ಸಾದ ಅಪ್ಪ ಅಮ್ಮ ಎಲ್ಲರನ್ನೂ ಒಟ್ಟಿಗೆ ಕರೆದುಕೊಂಡು ಹೊರಡುವವರಿಗೆ ಉಪಯೋಗ ಆಗಬಹುದು ಅಂತ ಎರಡನ್ನೂ ಬರೆಯುತ್ತಿದ್ದೇನೆ.

ಹೋಗುವುದು ಕಷ್ಟವೇನಲ್ಲ. ಈಸ್ಟ್ ಕ್ರಾಯ್ಡನ್‌ನಿಂದ ನೇರ ರೈಲಿದೆ. ಒಬ್ಬೊಬ್ಬರೂ ಎರಡು ಸಾಕುಪ್ರಾಣಿಗಳವರೆಗೆ ಟಿಕೆಟ್ ಇಲ್ಲದೆ ಕರೆದೊಯ್ಯಬಹುದು. ನಾಯಿಗೆ ಹಗ್ಗ ಇರಬೇಕು, ಸೀಟಿನ ಮೇಲೆ ಹತ್ತಿಸಬಾರದು, ಬೇರೆಯವರಿಗೆ ತೊಂದರೆ ಆಗಬಾರದು, ಅಷ್ಟೇ. ಅಮ್ಮನಿಗೆ ಇದು ನಂಬಿಕೆಯೇ ಬರಲಿಲ್ಲ. "ನಾಯಿಗೆ ಟಿಕೆಟ್ ಬೇಡ್ವಾ? ಯಾರೂ ಏನೂ ಅನ್ನಲ್ವಾ?" ಅಂತ ಎರಡು ಸ್ಟೇಷನ್ ದಾಟುವವರೆಗೂ ಕೇಳುತ್ತಿದ್ದರು. ಎದುರು ಸೀಟಿನ ಅಜ್ಜಿಯೊಬ್ಬರು ಬಗ್ಗಿ ಗುಂಡನ ಕಿವಿ ಸವರಿದ ಮೇಲೆ ಸುಮ್ಮನಾದರು. ಅಮ್ಮ ಮಾತ್ರ ಅವನನ್ನು ಮುಟ್ಟುತ್ತಿರಲಿಲ್ಲ. ಚಿಕ್ಕಂದಿನಲ್ಲಿ ಬೀದಿನಾಯಿ ಅಟ್ಟಿಸಿಕೊಂಡು ಬಂದ ಭಯ ಅವರಿಗೆ ಇನ್ನೂ ಹೋಗಿರಲಿಲ್ಲ.

ಮೊದಲ ಸಲ ಹೋಗಿದ್ದು ಜೂನ್‌ನಲ್ಲಿ. ಬುಕಿಂಗ್ ಆಪ್‌ನಲ್ಲಿ 'ಪೆಟ್ ಫ್ರೆಂಡ್ಲಿ' ಅನ್ನುವ ಫಿಲ್ಟರ್ ಒತ್ತಿದೆ. ಬಂದ ಪಟ್ಟಿಯಲ್ಲಿ ಸಮುದ್ರಕ್ಕೆ ಮುಖ ಮಾಡಿದ ಹೋಟೆಲನ್ನೇ ಆರಿಸಿದೆ. ಅಮ್ಮ ಕಿಟಕಿ ತೆರೆದರೆ ನೀರು ಕಾಣಬೇಕು ಅನ್ನುವ ಆಸೆ ನನಗೆ. ಬ್ರೈಟನ್‌ನ ಕಡಲ ದಂಡೆಯಲ್ಲಿ ಬಿಳಿ ಬಣ್ಣದ ಹಳೆಯ ಸಾಲುಮನೆಗಳನ್ನೇ ಹೋಟೆಲ್ ಮಾಡಿಕೊಂಡಿದ್ದಾರೆ. ನೋಡಲು ಬಹಳ ಚೆಂದ. ಆದರೆ ಅಂಥ ಎಷ್ಟೋ ಕಟ್ಟಡಗಳಿಗೆ ಲಿಫ್ಟ್ ಇಲ್ಲ. ನಮ್ಮ ರೂಮ್ ಇದ್ದದ್ದು ನಾಲ್ಕನೇ ಮಹಡಿಯಲ್ಲಿ. ಮೆಟ್ಟಿಲು ಕಿರಿದು, ಕಡಿದು. ಎರಡನೇ ತಿರುವಿನಲ್ಲಿ ಗುಂಡ ಕೂತುಬಿಟ್ಟ. ನಮ್ಮ ಮನೆಯವರು ಅವನನ್ನು ಎತ್ತಿಕೊಂಡೇ ಹತ್ತಿದರು. ರಾತ್ರಿ ಮೂತ್ರಕ್ಕೆ ಇಳಿಸಿದರು, ಮತ್ತೆ ಹತ್ತಿಸಿದರು. ಬೆಳಿಗ್ಗೆ ಮತ್ತೊಮ್ಮೆ. ಎರಡನೇ ದಿನಕ್ಕೆ ಅವರಿಗೆ ಸೊಂಟ ಹಿಡಿದುಕೊಂಡಿತು.

ರಿಸೆಪ್ಷನ್‌ನಲ್ಲಿ ಒಂದು ಹಾಳೆ ಕೊಟ್ಟು ಸಹಿ ಹಾಕಿಸಿಕೊಂಡಿದ್ದರು. ಆಪ್‌ನಲ್ಲಿ ಇಲ್ಲದ್ದೆಲ್ಲ ಅದರಲ್ಲಿತ್ತು. ನಾಯಿಗೆ ದಿನಕ್ಕೆ 20 ಪೌಂಡ್. ರೂಮಿನಲ್ಲಿ ಒಂದನ್ನೇ ಬಿಟ್ಟು ಹೋಗುವಂತಿಲ್ಲ. ತಿಂಡಿ ಕೊಡುವ ಹಾಲ್‌ಗೆ ಕರೆತರುವಂತಿಲ್ಲ. ಎರಡೂ ನಿಯಮ ಬಿಡಿಬಿಡಿಯಾಗಿ ನೋಡಿದರೆ ಸರಿಯಾಗೇ ಇವೆ. ಎರಡನ್ನೂ ಸೇರಿಸಿ ಓದಿದರೆ, ಮನೆಯವರೆಲ್ಲ ಒಟ್ಟಿಗೆ ಕೂತು ತಿಂಡಿ ತಿನ್ನುವ ಹಾಗಿಲ್ಲ ಅಂತ ಅರ್ಥ. ನಾನು, ಅಮ್ಮ, ಮಗಳು ಇಳಿದು ತಿಂದು ಬಂದೆವು. ಅಷ್ಟು ಹೊತ್ತೂ ನಮ್ಮ ಮನೆಯವರು ಮೇಲೆ ಗುಂಡನ ಜೊತೆ. ಅವರು ಇಳಿಯುವ ಹೊತ್ತಿಗೆ ಬಿಸಿ ಏನೂ ಉಳಿದಿರಲಿಲ್ಲ. ರಾತ್ರಿ ಊಟಕ್ಕೂ ಇದೇ ಪಾಳಿ. ಮಗಳು "ಅಪ್ಪ ಯಾವಾಗ್ಲೂ ಯಾಕೆ ಬರಲ್ಲ?" ಅಂತ ಕೇಳಿದಾಗ ನನಗೆ ತುಂಬಾ ಬೇಜಾರಾಯಿತು. ರಜೆಗೆ ಬಂದದ್ದೇ ಎಲ್ಲರೂ ಒಟ್ಟಿಗೆ ಇರಲಿ ಅಂತ, ಅಲ್ವಾ?

ಬೆಳಗಿನ ಜಾವದ ಕಥೆ ಇನ್ನೊಂದು. ಜೂನ್‌ನಲ್ಲಿ ಅಲ್ಲಿ ಐದು ಗಂಟೆಗೆ ಮೊದಲೇ ಸೂರ್ಯ ಹುಟ್ಟುತ್ತಾನೆ. ಅದಕ್ಕೂ ಮುಂಚೆ ಸೀಗಲ್ ಅನ್ನುವ ಕಡಲ ಹಕ್ಕಿಗಳು ಏಳುತ್ತವೆ. ಅವು ಗೂಡು ಕಟ್ಟುವುದು ಚಾವಣಿ ಮೇಲೆ, ಚಿಮಣಿ ಪಕ್ಕ. ಅಂದರೆ ಸರಿಯಾಗಿ ನಮ್ಮ ತಲೆ ಮೇಲೆ. ಒಂದು ದೊಡ್ಡ ಹಕ್ಕಿ ಕಿಟಕಿಯ ಹೊರ ಕಟ್ಟೆಯ ಮೇಲೆ ಬಂದು ಕೂತು, ಗಾಜಿನಾಚೆಯಿಂದ ಗುಂಡನನ್ನೇ ನೋಡುತ್ತಾ ಕತ್ತು ಚಾಚಿ ಕಿರುಚಿತು. ಹಳದಿ ಕೊಕ್ಕು, ಅದರ ತುದಿಯಲ್ಲಿ ಕೆಂಪು ಚುಕ್ಕೆ, ಅಷ್ಟು ಹತ್ತಿರ. ಗುಂಡ ಎದ್ದು ಬೊಗಳತೊಡಗಿದ. ಪಕ್ಕದ ರೂಮಿನವರು ಗೋಡೆ ಬಡಿದರು. ಅಮ್ಮ ಹೊದಿಕೆ ಎಳೆದುಕೊಂಡು ಮಂಚದ ಮೂಲೆಗೆ ಸರಿದು ಕೂತರು.

ಸರಿ, ಸಮುದ್ರಕ್ಕಾದರೂ ಹೋಗೋಣ ಅಂತ ರಸ್ತೆ ದಾಟಿದೆವು. ಅಲ್ಲೊಂದು ಬೋರ್ಡ್. ಮೇ 1ರಿಂದ ಸೆಪ್ಟೆಂಬರ್ 30ರವರೆಗೆ ಆ ಕಡಲ ದಂಡೆಗೆ ನಾಯಿಗಳನ್ನು ಬಿಡುವುದಿಲ್ಲ. ಇಂಗ್ಲೆಂಡಿನ ಎಷ್ಟೋ ಬೀಚ್‌ಗಳಲ್ಲಿ ಬೇಸಿಗೆಯಲ್ಲಿ ಇಂಥ ನಿಯಮ ಇರುತ್ತದೆ, ಮೀರಿದರೆ ದಂಡ. ಊರಿನ ಬೀಚೆಲ್ಲ ಮುಚ್ಚಿರುವುದಿಲ್ಲ, ನಾಯಿಗಳಿಗೆ ಅಂತ ಕೆಲವು ತುಂಡುಗಳನ್ನು ಬಿಟ್ಟಿರುತ್ತಾರೆ. ಆದರೆ ನಾನು ಜಾಸ್ತಿ ದುಡ್ಡು ಕೊಟ್ಟು ಯಾವ ಬೀಚಿನ ಎದುರಿಗೆ ರೂಮ್ ಹಿಡಿದೆನೋ, ಅದಕ್ಕೇ ನನ್ನ ನಾಯಿ ಕಾಲಿಡುವಂತಿರಲಿಲ್ಲ.

ಅವತ್ತು ನನಗೆ ಹೊಳೆದದ್ದು ಇಷ್ಟು. ಪೆಟ್ ಫ್ರೆಂಡ್ಲಿ ಅಂದರೆ ಬಾಗಿಲು ತೆರೆದಿದೆ ಅಂತ ಮಾತ್ರ. ಒಳಗೆ ಹೋದ ಮೇಲೆ ನಾಯಿಯ ಇಡೀ ದಿನ ಹೇಗೆ ಕಳೆಯುತ್ತದೆ ಅನ್ನುವುದು ಅದರಲ್ಲಿಲ್ಲ. ನಾವು ತಿನ್ನುವಾಗ ಅವನೆಲ್ಲಿ? ಅವನು ರಾತ್ರಿ ಹನ್ನೊಂದಕ್ಕೆ ಎಲ್ಲಿಗೆ ಹೋಗಬೇಕು? ಈ ಎರಡಕ್ಕೆ ಉತ್ತರ ಸಿಗದೆ ದುಡ್ಡು ಕಟ್ಟಬಾರದು.

ಎರಡನೇ ಸಲಕ್ಕೆ ಆಪ್ ಪಕ್ಕಕ್ಕಿಟ್ಟು ಫೋನ್ ಹಿಡಿದೆ. ಆರು ಹೋಟೆಲ್‌ಗಳಿಗೆ ಮಾಡಿದೆ. ಮೊದಲಿಗೆ ಗುಂಡನ ತೂಕ ಹೇಳಿಬಿಡುತ್ತಿದ್ದೆ, ಯಾಕೆಂದರೆ ಕೆಲವರು 'ಡಾಗ್ಸ್ ವೆಲ್‌ಕಮ್' ಅಂತ ಹಾಕಿ ಚಿಕ್ಕ ನಾಯಿಗಳನ್ನು ಮಾತ್ರ ಒಪ್ಪುತ್ತಾರೆ. ಒಂದು ಕಡೆ ಅಲ್ಲಿಗೇ ಮಾತು ಮುಗಿಯಿತು. ಇನ್ನೊಂದು ಕಡೆ 'ಅಸಿಸ್ಟೆನ್ಸ್ ಡಾಗ್' ಮಾತ್ರ ಅಂದರು. ಕಣ್ಣು ಕಾಣದವರಿಗೆ, ಕಿವಿ ಕೇಳದವರಿಗೆ ನೆರವಾಗಲು ತರಬೇತಾದ ನಾಯಿಗಳು ಅವು. 2010ರ ಈಕ್ವಾಲಿಟಿ ಆ್ಯಕ್ಟ್ ಪ್ರಕಾರ ಆ ನಾಯಿಯ ಕಾರಣಕ್ಕೆ ಅಂಥವರನ್ನು ವಾಪಸ್ ಕಳಿಸುವ ಹಾಗಿಲ್ಲ, ಅದಕ್ಕೆ ಬೇರೆ ಚಾರ್ಜ್ ಹಾಕುವ ಹಾಗೂ ಇಲ್ಲ. ಸಾಕುನಾಯಿಗೆ ಈ ಹಕ್ಕಿಲ್ಲ. ನಮ್ಮ ನಾಯಿಯನ್ನು ಸೇರಿಸಿಕೊಳ್ಳುವುದು ಬಿಡುವುದು ಹೋಟೆಲಿನವರ ಇಷ್ಟ. ಆದ್ದರಿಂದ ಬಾಯಿಮಾತಲ್ಲಿ ಒಪ್ಪಿಕೊಂಡದ್ದನ್ನು ಇಮೇಲ್‌ನಲ್ಲಿ ಬರೆಸಿಕೊಳ್ಳಿ.

ದುಡ್ಡಿನ ವಿಷಯದಲ್ಲಿ ಕೇಳಬೇಕಾದ್ದು ಎಷ್ಟು ಅಂತಷ್ಟೇ ಅಲ್ಲ. ದಿನಕ್ಕಾ, ಇಡೀ ವಾಸ್ತವ್ಯಕ್ಕಾ? ಮೂರು ರಾತ್ರಿಗೆ 20 ಪೌಂಡೂ ಆಗಬಹುದು, 60 ಪೌಂಡೂ ಆಗಬಹುದು. ಡೆಪಾಸಿಟ್ ಇದ್ದರೆ ಯಾವ ಕಾರಣಕ್ಕೆ ಹಿಡಿಯುತ್ತಾರೆ ಅಂತಲೂ ಕೇಳಿ.

ನಾನು ಜಾಸ್ತಿ ಹೊತ್ತು ಕೇಳಿದ್ದು ರೂಮಿನ ಬಗ್ಗೆ. ನಾಯಿ ಇರುವವರಿಗೆ ಅಂತ ಹೋಟೆಲಿನವರು ಕೆಲವೇ ರೂಮ್ ಇಟ್ಟಿರುತ್ತಾರೆ. ಅದು ಯಾವ ಮಹಡಿ, ನೆಲ ಮರದ್ದಾ ಕಾರ್ಪೆಟ್ಟಾ, ಬಾಗಿಲು ನೇರ ಹೊರಗೆ ತೆರೆಯುತ್ತಾ, ಹತ್ತಿರದ ಹುಲ್ಲು ಎಷ್ಟು ದೂರ. ಕಾಲು ಸೋತ ನಾಯಿಗೆ ನುಣುಪು ಮರದ ನೆಲ ಒಳ್ಳೆಯದಲ್ಲ, ಜಾರುತ್ತದೆ. ನಾವು ಮನೆಯಿಂದ ಯೋಗ ಮ್ಯಾಟ್ ಒಯ್ದು ಹಾಸುತ್ತೇವೆ. ಎರಡು ಮಂಚ ಒಂದೇ ರೂಮಿನಲ್ಲಾ, ಅಕ್ಕಪಕ್ಕದ ಎರಡು ರೂಮಾ ಅನ್ನುವುದನ್ನೂ ಕೇಳಿ. ವಯಸ್ಸಾದವರಿಗೆ ರಾತ್ರಿ ಎದ್ದಾಗ ನಾಯಿ ಕಾಲಿಗೆ ತೊಡರಬಾರದು.

ನಾಯಿ ಒಂದನ್ನೇ ರೂಮಿನಲ್ಲಿ ಬಿಡುವ ವಿಷಯಕ್ಕೆ ಬಂದರೆ, ಕೆಲವು ಕಡೆ ಪಂಜರದಂಥ ಕ್ರೇಟ್‌ನಲ್ಲಿದ್ದರೆ ಸರಿ ಅನ್ನುತ್ತಾರೆ. ಕೆಲವರು ಒಂದು ಗಂಟೆ ಪರವಾಗಿಲ್ಲ, ಫೋನ್ ನಂಬರ್ ಕೊಟ್ಟು ಹೋಗಿ ಅನ್ನುತ್ತಾರೆ. ಆದರೆ ಅನುಮತಿ ಇದೆ ಅಂದ ಮಾತ್ರಕ್ಕೆ ಬಿಟ್ಟು ಹೋಗಬೇಡಿ. ಹೊಸ ಜಾಗ, ಹೊಸ ವಾಸನೆ, ಕಾರಿಡಾರಿನಲ್ಲಿ ಹೆಜ್ಜೆ ಸದ್ದು. ಮನೆಯಲ್ಲಿ ತೆಪ್ಪಗೆ ಮಲಗುವ ನಾಯಿ ಅಲ್ಲಿ ಬಾಗಿಲು ಕೆರೆಯಬಹುದು. ಮೊದಲು ಐದು ನಿಮಿಷ ಹೊರಗೆ ನಿಂತು ನೋಡಿ. ಒಗೆಯದ ಹಳೆಯ ಹೊದಿಕೆ ಒಂದಿದ್ದರೆ ಬೇಗ ಮಲಗುತ್ತವೆ. ಬಾಗಿಲಿಗೆ 'ಡೂ ನಾಟ್ ಡಿಸ್ಟರ್ಬ್' ಹಾಕಲೇಬೇಕು, ಇಲ್ಲದಿದ್ದರೆ ಕ್ಲೀನ್ ಮಾಡಲು ಬಂದವರು ಬಾಗಿಲು ತೆರೆದಾಗ ನಾಯಿ ಹೊರಗೆ ಓಡಿಬಿಡಬಹುದು. ಕೊರಳಪಟ್ಟಿಯಲ್ಲಿ ಮಾಲೀಕರ ಹೆಸರು, ವಿಳಾಸ ಇರಬೇಕು ಅಂತ ಇಲ್ಲಿ ಕಾನೂನೇ ಇದೆ. ಅದರ ಜೊತೆ ಮೊಬೈಲ್ ನಂಬರ್ ಕೂಡ ಬರೆಸಿ. ರಜೆಯಲ್ಲಿ ಕಳೆದುಹೋದರೆ ಮನೆ ವಿಳಾಸದಿಂದ ತಕ್ಷಣಕ್ಕೆ ಪ್ರಯೋಜನ ಇಲ್ಲ.

ಕಾರಿನಲ್ಲಿ ಹೋಗುವವರಿಗೆ ಕೈಮುಗಿದು ಒಂದು ಮಾತು. ತಿಂಡಿ ಮುಗಿಯುವವರೆಗೆ ಕಾರಲ್ಲಿರಲಿ ಅಂತ ಬಿಡಬೇಡಿ. ಹೊರಗೆ 22 ಡಿಗ್ರಿ ಇದ್ದಾಗ ಕಾರಿನೊಳಗೆ ಒಂದು ಗಂಟೆಯೊಳಗೆ 47 ಡಿಗ್ರಿ ಆಗಬಹುದು ಅಂತ ಇಲ್ಲಿನ ಪ್ರಾಣಿದಯಾ ಸಂಸ್ಥೆ ಆರ್‌ಎಸ್‌ಪಿಸಿಎ ಎಚ್ಚರಿಸುತ್ತದೆ. 22 ಡಿಗ್ರಿ ಅಂದರೆ ನಮಗೆ ತಂಪು ಅನ್ನಿಸುವ ದಿನ.

ಎರಡನೇ ಸಲ ಹೊರಟಿದ್ದು ಅಕ್ಟೋಬರ್‌ನ ಹಾಫ್ ಟರ್ಮ್ ರಜೆಗೆ, ಅಂದರೆ ಶಾಲೆಗಳಿಗೆ ನಡುವೆ ಕೊಡುವ ರಜೆಗೆ. ಈ ಸಲ ಹೋಟೆಲ್, ಬ್ರೈಟನ್‌ಗೆ ಅಂಟಿಕೊಂಡೇ ಇರುವ ಹೋವ್ ಕಡೆಯ ಒಂದು ಒಳರಸ್ತೆಯಲ್ಲಿ. ಕಿಟಕಿಯಿಂದ ಸಮುದ್ರ ಕಾಣುವುದಿಲ್ಲ. ರೂಮ್ ನೆಲಮಹಡಿಯಲ್ಲಿ. ಐದು ನಿಮಿಷ ನಡೆದರೆ ಹೋವ್ ಲಾನ್ಸ್, ಕಡಲ ಪಕ್ಕದಲ್ಲೇ ಉದ್ದಕ್ಕೆ ಹಾಸಿದ ಹುಲ್ಲು. ತಿಂಡಿಯನ್ನು ಬಾರ್ ಪಕ್ಕದ ಟೇಬಲ್‌ಗಳಲ್ಲೂ ಕೊಡುತ್ತಿದ್ದರು, ಅಲ್ಲಿಗೆ ನಾಯಿ ಬರಬಹುದು. ಟೇಬಲ್ ಕೆಳಗೆ ಗುಂಡ, ಸುತ್ತ ನಾವು ನಾಲ್ಕೂ ಜನ. ಟೋಸ್ಟ್ ಬಿಸಿಯಾಗಿತ್ತು.

ಸೆಪ್ಟೆಂಬರ್ ಮುಗಿದಿದ್ದರಿಂದ ಬೀಚಿಗೂ ಅಡ್ಡಿ ಇರಲಿಲ್ಲ. ಬ್ರೈಟನ್ ಬೀಚ್ ಮರಳಲ್ಲ, ಪೂರ್ತಿ ಉರುಟು ಕಲ್ಲು. ಅಲೆ ವಾಪಸ್ ಹೋಗುವಾಗ ಕಲ್ಲುಗಳು ಒಂದಕ್ಕೊಂದು ಉಜ್ಜಿ ಗರಗರ ಸದ್ದು ಮಾಡುತ್ತವೆ. ಗುಂಡನಿಗೆ ಕಲ್ಲು ಕಚ್ಚುವ ಚಟ. ಹಲ್ಲು ಮುರಿಯುತ್ತದೆ, ನುಂಗಿದರೆ ಕರುಳಿಗೆ ಸಿಕ್ಕಿಕೊಳ್ಳುತ್ತದೆ. ಮಗಳು ಚೆಂಡು ತೋರಿಸಿ ಅವನ ಬಾಯಿಂದ ಕಲ್ಲು ಬಿಡಿಸುವುದೇ ಒಂದು ಕೆಲಸವಾಯಿತು. ಕುಡಿಯುವ ನೀರು ಬಾಟಲಿಯಲ್ಲಿ ಒಯ್ದಿರಿ. ಬಾಯಾರಿದ ನಾಯಿ ಸಮುದ್ರದ ನೀರನ್ನೇ ಕುಡಿಯುತ್ತದೆ, ಆಮೇಲೆ ವಾಂತಿ ಭೇದಿ ಶುರುವಾಗುತ್ತದೆ, ಉಪ್ಪು ಜಾಸ್ತಿಯಾದರೆ ಜೀವಕ್ಕೇ ಅಪಾಯ.

ಎರಡನೇ ದಿನ ರಾಯಲ್ ಪೆವಿಲಿಯನ್ ನೋಡಲು ಹೋದೆವು. ರಾಜ ನಾಲ್ಕನೇ ಜಾರ್ಜ್‌ಗಾಗಿ ಕಟ್ಟಿದ ಅರಮನೆ. ಹೊರಗಿನಿಂದ ನೋಡಿದರೆ ನಮ್ಮ ಕಡೆಯ ಗುಮ್ಮಟಗಳೇ. ಮೊದಲ ಮಹಾಯುದ್ಧದಲ್ಲಿ, 1914ರಿಂದ 1916ರವರೆಗೆ, ಗಾಯಗೊಂಡ ಭಾರತೀಯ ಸೈನಿಕರಿಗೆ ಇಲ್ಲೇ ಆಸ್ಪತ್ರೆ ಮಾಡಿದ್ದರು. ಆ ಆರೈಕೆಯ ನೆನಪಿಗೆ ಭಾರತದಿಂದ ಕೊಟ್ಟ ಹೆಬ್ಬಾಗಿಲು ದಕ್ಷಿಣದ ಕಡೆ ಇದೆ, 1921ರದ್ದು. ಅರಮನೆಯೊಳಗೆ ಸಾಕುನಾಯಿಗೆ ಪ್ರವೇಶ ಇಲ್ಲ, ತೋಟದಲ್ಲಿ ಅಡ್ಡಿಯಿಲ್ಲ. ಗುಂಡನ ಜೊತೆ ಯಾರು ಉಳಿಯುವುದು ಅಂತ ನಾವು ಮಾತಾಡುತ್ತಿದ್ದೆವು. ಅಮ್ಮ ಬೆಂಚಿನ ಮೇಲೆ ಕೂತು ಹಗ್ಗ ಕೈಗೆ ತೆಗೆದುಕೊಂಡರು. "ನೀವು ಮೂರೂ ಜನ ಹೋಗಿ ಬನ್ನಿ. ನನಗೂ ಅಷ್ಟು ಮೆಟ್ಟಿಲು ಆಗಲ್ಲ, ಇವನಿಗೂ ಆಗಲ್ಲ."

ಒಂದು ಗಂಟೆ ಬಿಟ್ಟು ಬಂದಾಗ ಗುಂಡ ಅವರ ಚಪ್ಪಲಿಯ ಮೇಲೆ ಗದ್ದ ಇಟ್ಟು ಮಲಗಿದ್ದ. ಅಮ್ಮ ಕಾಲು ಅಲುಗಿಸದೆ ಕೂತಿದ್ದರು.

ಹೊರಡುವ ದಿನ ಬೆಳಿಗ್ಗೆ ನನಗೆ ಬೇಗ ಎಚ್ಚರವಾಯಿತು. ಅಕ್ಟೋಬರ್ ಕೊನೆಯಲ್ಲಿ ಅಲ್ಲಿ ಬೆಳಕು ಹರಿಯುವುದೇ ಏಳರ ಹೊತ್ತಿಗೆ. ಹೊರಗೆ ಎಲ್ಲೋ ಸೀಗಲ್ ಕೂಗಿತು. ಗುಂಡ ತಲೆ ಎತ್ತಿದ, ಗಂಟಲಲ್ಲಿ ಗುರ್ ಅನ್ನಲು ಶುರುಮಾಡಿದ. ಅಮ್ಮನ ಮಂಚದಿಂದ ಒಂದು ಕೈ ಕೆಳಗೆ ಇಳಿದು ಅವನ ನೆತ್ತಿ ಹುಡುಕಿತು. "ಏನಿಲ್ಲ ಕಣೋ, ಹಕ್ಕಿ ಅದು. ಮಲ್ಕೋ."

ಅವನು ಮಲಗಿದ. ಕೈ ಅಲ್ಲೇ ಇತ್ತು.